ಹದಿನೇಳನೆಯ ಚೌಕ

ಬೆಳಿಗ್ಗೆ ಏಳೂವರೆಯೊಳಗೆ ಸುಪಾರ್ಶ್ವ ಇಪ್ಪತ್ತಾರು ಜನರ ಹತ್ತಿರ ಕ್ಷಮೆ ಕೇಳಿ ಮುಗಿಸಿದ್ದ. ದಶಲಕ್ಷಣ ಪರ್ವ ಕಳೆದು ಕ್ಷಮಾವಣಿ ಬಂತೆಂದರೆ ಹಳೇಬೀಡಿನ ಅವರ ಜೈನ ಮನೆಯಲ್ಲಿ ಇದೊಂದು ಕೆಲಸ. ಅಪ್ಪ ಜಿನದಾಸಯ್ಯನವರು ಇದ್ದಾಗ ಬಸದಿಯಿಂದ ಬಂದವರೇ ಪಂಚೆ ಕೂಡ ಬದಲಿಸದೆ ಬೀದಿಯ ಒಂದೊಂದೇ ಮನೆಗೆ ಹೋಗಿ ಹೊಸಿಲ ಹೊರಗೆ ನಿಂತು ಕೈಮುಗಿಯುತ್ತಿದ್ದರು. ಈಗ ಎಲ್ಲ ಫೋನಿನಲ್ಲೇ ಆಗಿಹೋಗುತ್ತದೆ. ತಿಳಿದೋ ತಿಳಿಯದೆಯೋ ಈ ವರ್ಷ ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿಬಿಡಿ ಎಂದು ಈ ಕಡೆಯಿಂದ ಹೇಳುವುದು, ಅಯ್ಯೋ ನೀವೂ ನಮ್ಮನ್ನು ಕ್ಷಮಿಸಬೇಕಪ್ಪ ಎಂದು ಆ ಕಡೆಯಿಂದ ಬರುವುದು, ಆಮೇಲೆ ಮಳೆಯ ವಿಚಾರ, ಮಂಡಿನೋವಿನ ವಿಚಾರ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹಬ್ಬದ ರುಚಿ ಕೆಡುತ್ತದೆ. ಒಳಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ದರ್ಶಿನಿ, "ನೀವು ಕ್ಷಮೆ ಕೇಳೋದು ಸ್ಕೂಲಲ್ಲಿ ಹಾಜರಿ ಕೂಗ್ದಂಗಿದೆ ಕಣ್ರೀ. ಪ್ರೆಸೆಂಟ್ ಸಾರ್ ಅನ್ನೋದೊಂದು ಬಾಕಿ," ಎಂದು ನಕ್ಕಳು. ಅವನೂ ನಕ್ಕ. ಮ ಅಕ್ಷರದ ಹತ್ತಿರ ಬಂದಾಗ ಹೆಬ್ಬೆರಳು ಮಹಾವೀರ ಮಾವನಿಂದ ನೇರ ಮೂಡುಬಿದಿರೆ ಅತ್ತೆಗೆ ಹಾರಿತ್ತು. ನಡುವೆ ಇದ್ದ ಹೆಸರು 'ಮೀನಾಕ್ಷಿ ಗಂಡಸಿ'. "ಎಲ್ಲಾ ಮುಗೀತಾ?" ಎಂದು ದರ್ಶಿನಿ ಕೇಳಿದ್ದಕ್ಕೆ ಮುಗೀತು ಎಂದು ಹೇಳಿ, ಚಪಾತಿಯ ಡಬ್ಬಿಯನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ.

ಇವತ್ತು ಮೂರು ಗಂಟೆಯೊಳಗೆ ಅವನು ಆಫೀಸಿನ ವರದಿಗೆ ಸಹಿ ಮಾಡಬೇಕಿತ್ತು. ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹಳೇಬೀಡಿನ ಕೆರೆ ಏರಿಯ ಅಂಚಿನವರೆಗೆ ತುಂಬಿ ನಿಂತಿದ್ದು ಕಾಣಿಸಿತು. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡುತ್ತಿದ್ದ. ಈಗ ಮುಖ ತಿರುಗಿಸಿದ. ಮೂರು ವಾರದಿಂದ ನೀರು ನೋಡುವುದೇ ಬೇಡವಾಗಿತ್ತು. ನಲವತ್ತಾರು ವರ್ಷ ಈ ಕೆರೆಯ ದಡದಲ್ಲೇ ಬೆಳೆದವನು ಅವನು. ಕಾರ್ತೀಕದಲ್ಲಿ ನೀರು ಎಲ್ಲಿರುತ್ತದೆ, ಯುಗಾದಿಗೆ ಎಲ್ಲಿಗೆ ಇಳಿಯುತ್ತದೆ, ಯಾವ ಕಲ್ಲು ಕಂಡರೆ ಬೇಸಿಗೆ ಕಷ್ಟ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯಾನು. ನೀರು ತಿಂಗಳ ಲೆಕ್ಕದಲ್ಲಿ ಏರುತ್ತದೆ, ತಿಂಗಳ ಲೆಕ್ಕದಲ್ಲಿ ಇಳಿಯುತ್ತದೆ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಹಾಗಾಗಿ ಇದು ಸುಳ್ಳಾಗಬಹುದೆಂಬ ಯೋಚನೆಯೂ ಬಂದಿರಲಿಲ್ಲ. ಕಂಡಕ್ಟರು ಎರಡು ಸಲ ಕೇಳಿದ ಮೇಲೆ ಅರಸೀಕೆರೆ ಎಂದ.

ಕೆಲಸ ಕೇಳಿದರೆ ಊರಿನವರಿಗೆ ನಗು. ಅರಸೀಕೆರೆಯ ಕೊಬ್ಬರಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಐದು ಕಂಪ್ಯೂಟರು ಇಟ್ಟುಕೊಂಡು, ಸಮಭಾಜಕ ವೃತ್ತದ ಬಳಿ ಇರುವ ಯಾವುದೋ ಒಂದು ದೇಶದ ಕಾಂಡ್ಲಾ ಕಾಡು ಮೂವತ್ತು ವರ್ಷದಲ್ಲಿ ಎಷ್ಟು ಬೆಳೆಯಿತು, ಎಷ್ಟು ಅಳಿಯಿತು ಎಂದು ಅಂದಾಜು ಹಾಕುವುದು. ಕಾಂಡ್ಲಾ ಎಂದರೆ ನದಿ ಸಮುದ್ರ ಸೇರುವ ಅಳಿವೆಯ ಕೆಸರಲ್ಲಿ, ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಮರ. ಅದನ್ನು ನೋಡಲು ಅಲ್ಲಿಗೆ ಹೋಗಬೇಕಾಗಿಲ್ಲ; ಉಪಗ್ರಹ ಚಿತ್ರ ತೆಗೆದು ಕಳಿಸುತ್ತದೆ, ಕಂಪ್ಯೂಟರು ಕಾಡಿಗೆ ಹಸಿರು, ನೀರಿಗೆ ನೀಲಿ ಬಣ್ಣ ಹಚ್ಚುತ್ತದೆ, ಹಚ್ಚಿದ್ದು ಸರಿಯೋ ತಪ್ಪೋ ಎಂದು ಮನುಷ್ಯರು ಕೂತು ಚುಕ್ಕಿ ಚುಕ್ಕಿಯಾಗಿ ನೋಡಬೇಕು. ಒಂದು ಚುಕ್ಕಿಯನ್ನು ಇಬ್ಬರು ಬೇರೆಬೇರೆ ಕೂತು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ನೋಡುತ್ತಾರೆ. ಇಬ್ಬರ ಮಾತು ಒಂದೇ ಆದರೆ ಸರಿ. ಬೇರೆಯಾದರೆ ಸುಪಾರ್ಶ್ವ ನೋಡಿ ತೀರ್ಮಾನ ಹೇಳುತ್ತಾನೆ, ಅವನು ಹೇಳಿದ ಮೇಲೆ ಮುಗಿಯಿತು. ಮೈಸೂರಿನ ಮುಖ್ಯ ಆಫೀಸಿನ ಉದಯಕುಮಾರ್, "ಸುಪಾರ್ಶ್ವ ಅವರ ಕಣ್ಣು ಅಂದ್ರೆ ಕಣ್ಣು" ಎಂದು ಎರಡು ಮೂರು ಸಲ ಎಲ್ಲರ ಎದುರಿಗೆ ಹೇಳಿದ್ದುಂಟು. ಹನ್ನೊಂದು ವರ್ಷ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿ ಭೂಗೋಳ ಪಾಠ ಮಾಡಿ, ಪ್ರತಿ ಜೂನ್‌ನಲ್ಲೂ ಪ್ರಿನ್ಸಿಪಾಲರ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಕಾದವನಿಗೆ ಆ ಒಂದು ಮಾತು ಸಾಕಾಗಿತ್ತು. ಮನೆಗೆ ಹೋಗಿ ದರ್ಶಿನಿಗೆ ಹೇಳಿಕೊಂಡಿದ್ದ. ಅವಳು, "ಹಾಗಾದ್ರೆ ಆ ಕಣ್ಣಲ್ಲಿ ಸ್ವಲ್ಪ ಅಕ್ಕೀಲಿ ಕಲ್ಲು ಆರಿಸಿಕೊಡಿ" ಎಂದಿದ್ದಳು.

ಜನವರಿಯಲ್ಲಿ ಹದಿನೇಳನೆಯ ಚೌಕ ಬಂತು. ಆ ದೇಶದ ಕರಾವಳಿಯನ್ನು ಚೌಕಚೌಕವಾಗಿ ಕತ್ತರಿಸಿಕೊಂಡಿದ್ದರು, ಹದಿನೇಳನೆಯದರಲ್ಲಿ ಒಂದು ನದಿ ಸಮುದ್ರ ಸೇರುವ ಜಾಗ, ಅದರ ಬಾಯಲ್ಲಿ ಒಂದು ಊರು, ಊರಿನ ಮುಂದೆ ತಗ್ಗು ಕಾಂಡ್ಲಾ ಗಿಡಗಳ ದೊಡ್ಡ ಪಟ್ಟಿ. ಹಳೆಯ ಚಿತ್ರದಲ್ಲಿ ಪಟ್ಟಿ ಇದೆ, ಹೊಸ ಚಿತ್ರದಲ್ಲಿ ಬರೀ ನೀರು. ಚಿತ್ರಗಳನ್ನು ಆರಿಸಿದವನು ಅವನೇ. ಮೂವತ್ತು ವರ್ಷದ್ದೂ ನವೆಂಬರಿನವೇ ಇರಬೇಕು, ಮಳೆ ಮುಗಿದು ನೀರು ನಿಂತ ಕಾಲ, ಆಗಲೇ ನೀರಿನ ಮಟ್ಟ ಎಲ್ಲ ವರ್ಷವೂ ಒಂದೇ ಸಮನಾಗಿ ಸಿಗುವುದು ಎಂದು ಹೇಳಿ ಎಲ್ಲರಿಂದ ಭೇಷ್ ಅನ್ನಿಸಿಕೊಂಡಿದ್ದ. ಉಪಗ್ರಹವೂ ಪ್ರತಿ ಸಲ ಬೆಳಿಗ್ಗೆ ಹತ್ತರ ಸುಮಾರಿಗೇ ಹಾದುಹೋಗುತ್ತದೆ. ಒಂದೇ ತಿಂಗಳು, ಒಂದೇ ಹೊತ್ತು, ಇನ್ನೇನು ಬೇಕು! ಮೀನಾಕ್ಷಿ ಮಾತ್ರ ಆ ಪಟ್ಟಿಯ ನಲವತ್ತೊಂದು ಚುಕ್ಕಿಗೆ 'ಕಾಡು' ಎಂದು ಗುರುತು ಹಾಕಿದ್ದಳು. ಗಂಡಸಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹೆಂಗಸು, ಮೂವತ್ತೈದರ ಹತ್ತಿರ ವಯಸ್ಸು, ಹಾಸನದಲ್ಲಿ ಬಿಎಸ್ಸಿ ಮಾಡಿಕೊಂಡವಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಆಮೇಲೆ ಬರುತ್ತಿದ್ದುದರಿಂದ ಹತ್ತು ನಿಮಿಷ ತಡವಾಗುವುದು, ಅದಕ್ಕೂ ಅವನು ಒಂದೆರಡು ಮಾತು ಆಡಿದ್ದ.

ಸೋಮವಾರದ ಸಭೆ ಅದು, ಗೋಡೆಯ ಪರದೆಯ ಮೇಲೆ ಮೈಸೂರಿನ ಉದಯಕುಮಾರ್, ಕೆಳಗೆ ಇವರು ಐದು ಜನ. "ಇಲ್ಲಿ ಗಿಡ ಹೋಗಿಲ್ಲ ಸಾರ್, ನೀರೊಳಗೈತೆ ಅನ್ಸುತ್ತೆ. ನಮ್ಮೂರ ಕೆರೇಲಿ ಫಾರೆಸ್ಟ್‌ನೋರು ಹಾಕಿರೋ ಕರಿಜಾಲಿ ಹಿಂಗೇ ಮುಳುಗಿರ್ತದೆ. ಬಣ್ಣ ನೋಡಿ, ಬರೀ ನೀರಾದ್ರೆ ಹಿಂಗ್ ಮಾಸಲಾಗಿರಲ್ಲ," ಎಂದು ಮೀನಾಕ್ಷಿ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನಿಗೆ ಮೈಯೆಲ್ಲ ಉರಿಯಿತು. ಯಾಕೆ ಉರಿಯಿತು ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಅವಳು ತಪ್ಪು ಎಂದಲ್ಲ, ಉದಯಕುಮಾರ್ ಎದುರಿಗೆ ಕೆರೆ, ಜಾಲಿ ಎಂದು ತಮ್ಮ ಹಳ್ಳಿಗಾಡನ್ನೆಲ್ಲ ಹರಡಿ ಕೂತಳಲ್ಲ ಎಂದು. ತಾನು ವರ್ಷಗಟ್ಟಲೆ ಕಷ್ಟಪಟ್ಟು ಬಚ್ಚಿಟ್ಟುಕೊಂಡದ್ದನ್ನು ಇವಳು ಇಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ ಎಂದು. "ಮೀನಾಕ್ಷಿ, ಅದು ನಿಮ್ಮ ಗಂಡಸಿ ಕೆರೆ ಅಲ್ಲಮ್ಮ, ಸಮುದ್ರ. ಸಮುದ್ರ ಅನ್ನೋದನ್ನ ನೋಡಿದೀರಾ?" ಎಂದ. ಎಲ್ಲರೂ ನಕ್ಕರು, ಪರದೆಯ ಮೇಲಿನವರೂ ನಕ್ಕರು. ಅವಳು ಇಲ್ಲ ಎಂದು ತಲೆಯಾಡಿಸಿ ತನ್ನ ಕುರ್ಚಿಗೆ ಹೋಗಿ ಕೂತಳು. ಅವನೂ ನೋಡಿರಲಿಲ್ಲ. ಧರ್ಮಸ್ಥಳ, ಕಾರ್ಕಳ, ಮೂಡುಬಿದಿರೆ ಎಂದು ಎಷ್ಟು ಸಲ ಘಟ್ಟ ಇಳಿದಿದ್ದರೂ ಸಮುದ್ರದವರೆಗೆ ಹೋದವನಲ್ಲ, ಅದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಲವತ್ತೊಂದನ್ನೂ ಅವನು ಒಂದೇ ಏಟಿಗೆ 'ನೀರು' ಎಂದು ಬದಲಿಸಿದ. ಕೊನೆಗೆ ನೂರಕ್ಕೆ ಎಂಬತ್ತೈದಕ್ಕಿಂತ ಕಡಿಮೆ ತಾಳೆ ಬಂದವರನ್ನು ಕೆಲಸದಿಂದ ಬಿಡಿಸಬೇಕೆಂಬ ನಿಯಮಕ್ಕೆ ಮೀನಾಕ್ಷಿಯ ಎಂಬತ್ತೊಂದು ಸಿಕ್ಕಿಬಿತ್ತು. ಆ ನಲವತ್ತೊಂದನ್ನು ಬಿಟ್ಟಿದ್ದರೆ ತೊಂಬತ್ತು ದಾಟುತ್ತಿತ್ತು. ಹೋಗುವ ದಿನ ಅವಳು ತನ್ನ ನೀರಿನ ಬಾಟಲಿ ಮರೆತು ಹೋದಳು, ಎರಡು ತಿಂಗಳು ಅದು ಕಿಟಕಿಯ ಮೇಲೇ ಇತ್ತು.

ಬಾಣಾವರದಲ್ಲಿ ಬಸ್ಸು ನಿಂತಿತು. ಕಡಲೇಕಾಯಿ ಮಾರುವವಳು ಕಿಟಕಿಗೆ ಬುಟ್ಟಿ ಹಿಡಿದು ನಿಂತಿದ್ದನ್ನು ಅವನು ಗಮನಿಸಲಿಲ್ಲ. ಮೂರು ವಾರದ ಹಿಂದೆ ಮೂಡುಬಿದಿರೆಯಲ್ಲಿ ಅತ್ತೆಯ ಮೊಮ್ಮಗಳ ನಾಮಕರಣ ಮುಗಿಸಿ, ಎಲ್ಲರೂ ವ್ಯಾನು ಮಾಡಿಕೊಂಡು ಸಮುದ್ರ ನೋಡಲು ಹೊರಟಿದ್ದರು. ಬೇಡ ಎನ್ನಲು ಅವನಿಗೆ ನೆಪ ಸಿಗಲಿಲ್ಲ. ಒಂದು ಅಳಿವೆಯ ಹತ್ತಿರ ವ್ಯಾನು ನಿಂತಾಗ ಬೆಳಿಗ್ಗೆ ಹನ್ನೊಂದು. ಕೆಸರಿನಲ್ಲಿ ಸೊಂಟದೆತ್ತರದ ಕಾಂಡ್ಲಾ ಗಿಡಗಳು ಒತ್ತೊತ್ತಾಗಿ ನಿಂತಿದ್ದವು, ಏಡಿ ಹರಿದಾಡುತ್ತಿತ್ತು. ವರ್ಷಗಟ್ಟಲೆ ಮೇಲಿನಿಂದ ನೋಡಿದ್ದನ್ನು ಮೊದಲ ಸಲ ಪಕ್ಕದಿಂದ ನೋಡಿ ಅವನಿಗೆ ಖುಷಿಯಾಯಿತು, ದರ್ಶಿನಿಗೆ ಬೇರು, ಎಲೆ, ಕೋಡು ಎಲ್ಲ ವಿವರಿಸಿ ಹೇಳಿದ. ಬುತ್ತಿ ಬಿಚ್ಚಿ ಉಂಡು, ಮಕ್ಕಳ ಜೊತೆ ಅಲೆದು, ನಾಲ್ಕೂವರೆಗೆ ಅದೇ ದಾರಿಯಲ್ಲಿ ಬಂದರೆ ಗಿಡ ಇಲ್ಲ. ಇದ್ದ ಜಾಗದಲ್ಲಿ ಬೂದುಬಣ್ಣದ ನೀರು, ಅಲ್ಲಲ್ಲಿ ನಾಲ್ಕು ಎಲೆ. ದೋಣಿಗೆ ಹಗ್ಗ ಕಟ್ಟುತ್ತಿದ್ದವನನ್ನು, ಇಲ್ಲಿದ್ದ ಗಿಡ ಎಲ್ಲಿ ಎಂದು ಕೇಳಿದ. ಪಕ್ಕದಲ್ಲಿದ್ದವರೆಲ್ಲ ನಗುವಂತೆ ಆ ಮನುಷ್ಯ, "ಎಲ್ಲಿಗೆ ಹೋಗ್ತದೆ ಮಾರಾಯ್ರೇ, ಅಲ್ಲೇ ಉಂಟು. ಉಬ್ಬರ ಅಲ್ವಾ, ನೀರು ಇಳಿದ್ರೆ ಕಾಣ್ತದೆ," ಎಂದ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅದೂ ಇವತ್ತಿನ ಹೊತ್ತಿಗೆ ನಾಳೆ ಅಲ್ಲ. ಇದನ್ನು ಹನ್ನೊಂದು ವರ್ಷ ಹುಡುಗರಿಗೆ ಪಾಠ ಮಾಡಿದ್ದ! ಚಂದ್ರ, ಭೂಮಿ, ಬಾಣದ ಗುರುತು ಎಲ್ಲ ಬೋರ್ಡಿನ ಮೇಲೆ ಬರೆದಿದ್ದ, ಪರೀಕ್ಷೆಗೆ ಐದು ಅಂಕಕ್ಕೆ ಕೊಟ್ಟಿದ್ದ. ಓದಿದ್ದು ಬಾಯಲ್ಲಿ ಉಳಿದಿತ್ತು, ಕೆರೆ ಮಾತ್ರ ಒಳಗೆ ಇಳಿದಿತ್ತು. ವ್ಯಾನಿನಲ್ಲಿ ವಾಪಸು ಬರುವಾಗ ಯಾಕ್ರೀ ಸುಮ್ಮನಾದ್ರಿ ಎಂದು ದರ್ಶಿನಿ ಕೇಳಿದ್ದಕ್ಕೆ ತಲೆನೋವು ಎಂದಿದ್ದ.

ಮರುದಿನವೇ ಆಫೀಸಿಗೆ ಹೋಗಿ ಆ ಚಿತ್ರಗಳ ದಿನಾಂಕ ತೆಗೆದು, ಉಬ್ಬರವಿಳಿತದ ಪಟ್ಟಿ ಪಕ್ಕಕ್ಕಿಟ್ಟು ನೋಡಿದ. ಹಳೆಯ ಚಿತ್ರ ಇಳಿತದ ಹೊತ್ತಿನದು, ಹೊಸದು ಉಬ್ಬರ ತುದಿ ಮುಟ್ಟಿದ ಹೊತ್ತಿನದು. ಅಷ್ಟೇ. ಇಷ್ಟು ಹುಡುಕಲು ಅರ್ಧ ಗಂಟೆ ಹಿಡಿಯಿತು. ಹೇಳಲು ಮೂರು ವಾರದಿಂದ ಆಗುತ್ತಿಲ್ಲ. ಮೊದಮೊದಲು ಒಟ್ಟು ದೇಶದ ಲೆಕ್ಕದಲ್ಲಿ ಇದೆಷ್ಟು ಮಹಾ ಎಂದು ಸಮಾಧಾನ ಮಾಡಿಕೊಂಡ. ನಿಜಕ್ಕೂ ದೊಡ್ಡದಲ್ಲ, ನೂರಕ್ಕೆ ಅರ್ಧವೂ ಅಲ್ಲ, ಇಂಥ ಅಂದಾಜಿನಲ್ಲಿ ಅಷ್ಟು ಹೆಚ್ಚುಕಮ್ಮಿ ಎಲ್ಲರೂ ಒಪ್ಪುತ್ತಾರೆ. ಆದರೆ ವರದಿಯ ಕೊನೆಗೆ ಬೇರೆಯವರು ಬರೆದು ಸೇರಿಸಿದ ನಾಲ್ಕು ಪುಟ ಇತ್ತು. ಹದಿನೇಳನೆಯ ಚೌಕದಲ್ಲಿ ಕಾಡು ನಾಶ ಒಂದೇ ಊರಿನ ಸುತ್ತ ಆಗಿದೆ, ಊರಿನವರು ಸೌದೆಗೆ ಕಡಿದಿರುವುದೇ ಕಾರಣ, ಇನ್ನು ಹತ್ತು ವರ್ಷ ಅವರನ್ನು ಆ ಅಳಿವೆಯೊಳಗೆ ಇಳಿಯಲು ಬಿಡಬಾರದು ಎಂದು ಅದರಲ್ಲಿ ಶಿಫಾರಸು ಮಾಡಿದ್ದರು. ಒಂದು ಫೋಟೋ ಹಾಕಿದ್ದರು, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಏಡಿಯ ಬುಟ್ಟಿ ಹಿಡಿದು ನಿಂತ ಆರು ಹೆಂಗಸರು. ಅವರಲ್ಲಿ ಒಬ್ಬಳು ಫೋಟೋ ತೆಗೆಯುವವನನ್ನು ನೋಡಿ ನಗುತ್ತಿದ್ದಳು. ಅವಳ ಊಟ ಆ ಕೆಸರಿನಲ್ಲಿತ್ತು, ಆ ಕೆಸರಿಗೆ ಬೇಲಿ ಬೀಳುವುದು ಇವನ ಸಹಿಯಿಂದ. ಕಣ್ಣಿಗೆ ಕಾಣದ ಜೀವ ಸಾಯುತ್ತದೆಂದು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆಯಲ್ಲಿ ಹುಟ್ಟಿದವನು ತಾನು ಎಂದು ನೆನಪಾಗಿ ನಾಚಿಕೆಯಾಯಿತು. ಹೇಳಿಬಿಡುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಎನ್ನುತ್ತ ಇವತ್ತು ಬಂದಿತ್ತು.

ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಉದಯಕುಮಾರ್ ಫೋನು. "ಸುಪಾರ್ಶ್ವ ಅವರೇ, ಇವತ್ತು ನಿಮ್ಮ ಹಬ್ಬ ಅಲ್ವಾ, ರಜ ಹಾಕ್ಬೇಕಿತ್ತು ನೀವು. ಸಹಿ ಒಂದು ಮೂರು ಗಂಟೆಯೊಳಗೆ ಕಳಿಸಿಬಿಡಿ, ನಾಲ್ಕಕ್ಕೆ ನಾನು ವರದಿ ಕೇಳಿದವರಿಗೆ ತಲುಪಿಸ್ಬೇಕು," ಎಂದರು. ಕಳಿಸ್ತೀನಿ ಸಾರ್ ಎಂದ. ಅಭ್ಯಾಸಬಲದಿಂದ ಕ್ಷಮಾವಣಿಯ ಮಾತನ್ನೂ ಹೇಳಿದ, ತಿಳಿದೋ ತಿಳಿಯದೆಯೋ. ಅವರು ಜೋರಾಗಿ ನಕ್ಕು, "ನಿಮ್ಮಿಂದ ತಪ್ಪಾ! ಒಳ್ಳೆ ಚೆನ್ನಾಗಿದೆ," ಎಂದು ಇಟ್ಟುಬಿಟ್ಟರು. ಅವನು ಫೋನು ಹಿಡಿದುಕೊಂಡು ಅಲ್ಲೇ ನಿಂತ. ಆಫೀಸಿನ ಕಡೆ ಹೋಗುವ ರಸ್ತೆಗೆ ಹೆಜ್ಜೆ ಹಾಕಿದವನು ತಿರುಗಿ ಗಂಡಸಿಯ ಬಸ್ಸು ಹತ್ತಿದ. ಮೊದಲು ಅವಳನ್ನು ಕೇಳಿಬಿಡುತ್ತೇನೆ, ಅವಳು ಆಗಲಿ ಸಾರ್ ಎಂದರೆ ಮಿಕ್ಕಿದ್ದಕ್ಕೆ ಧೈರ್ಯ ಬರುತ್ತದೆ ಎಂದುಕೊಂಡ. ಇಷ್ಟು ದಿನದಲ್ಲಿ ಮೊದಲ ಸಲ ಮನಸ್ಸು ಹಗುರವಾಯಿತು, ಸೀಟಿಗೆ ಒರಗಿ ಕಣ್ಣು ಕೂಡ ಮುಚ್ಚಿದ. ತೆಂಗಿನ ತೋಟಗಳ ನಡುವೆ ಬಸ್ಸು ಓಡಿತು.

ಮೀನಾಕ್ಷಿಯ ಮನೆ ಕೇಳಿಕೊಂಡು ಹೋಗುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದ ಮುದುಕಿ, ಅವಳ ಅತ್ತೆ ವೆಂಕಟಲಕ್ಷ್ಮಮ್ಮ, ಕಣ್ಣು ಕಿರಿದು ಮಾಡಿ ನೋಡಿ, "ಯಾರ್ ಸ್ವಾಮಿ? ಬ್ಯಾಂಕ್‌ನೋರಾ?" ಎಂದರು. ಅಲ್ಲ, ಆಫೀಸಿನವನು ಎಂದ. "ಯಾವ್ ಆಫೀಸು? ಅವ್ಳನ್ನ ಬಿಡಿಸಿದ್ರಲ್ಲ, ಅದಾ?" ಎಂದು ಮುದುಕಿ ಅಲಸಂದೆಕಾಯಿಗೆ ಮರಳಿದರು. ಉತ್ತರ ಬೇಕಾಗಿರಲಿಲ್ಲ ಅವರಿಗೆ. ಕೊಟ್ಟಿಗೆಯ ಕಡೆಯಿಂದ ಮೀನಾಕ್ಷಿ ಕೈ ಒರೆಸಿಕೊಳ್ಳುತ್ತ ಬಂದಳು. ಅವನನ್ನು ಕಂಡು ಒಂದು ಗಳಿಗೆ ನಿಂತು, ಆಮೇಲೆ ಬನ್ನಿ ಸಾರ್, ಕೂತ್ಕೊಳಿ ಎಂದು ಕುರ್ಚಿ ತಂದು ಹಾಕಿದಳು. ಎಷ್ಟು ಮರ್ಯಾದೆಯಿಂದ ಹಾಕಿದಳೆಂದರೆ ಅವನಿಗೆ ಕೂರಲು ಹಿಂಸೆಯಾಯಿತು. ಕಾಫಿ ಬಂತು. ಅವಳ ಗಂಡ ರವಿಕುಮಾರ್ ತಿಪಟೂರಿಗೆ ಕೊಬ್ಬರಿ ಹಾಕಲು ಹೋಗಿದ್ದಾನೆ, ಈ ಸಲ ಮಳೆ ಪರವಾಗಿಲ್ಲ, ಇಷ್ಟೆಲ್ಲ ಮಾತಾಯಿತು. ಅವನು ಎದ್ದು ನಿಂತು ಕೈಮುಗಿದ.

"ಇವತ್ತು ನಮ್ಮಲ್ಲಿ ಕ್ಷಮಾವಣಿ ಅಂತ, ಮೀನಾಕ್ಷಿಯವರೇ. ತಿಳಿದೋ ತಿಳಿಯದೆಯೋ ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಬೇಕು."

"ಯಾವ ತಪ್ಪು ಸಾರ್?"

ಇಪ್ಪತ್ತೆಂಟನೆಯವಳು ಕೇಳಿಬಿಟ್ಟಿದ್ದಳು. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ, ಕುತೂಹಲ ಮಾತ್ರ ಇತ್ತು. ಕೈ ಇಳಿಸಬೇಕೋ ಹಾಗೇ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮುದುಕಿ ಅಲಸಂದೆಕಾಯಿ ಸುಲಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಕುರ್ಚಿಯ ಮೇಲೆ ಕೂತು ಶುರುಮಾಡಿದ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಸ್ವಲ್ಪ ಹೊತ್ತು ಏನೇನೋ ಹೇಳಿದ, ಆಮೇಲೆ ಸುತ್ತಿಬಳಸಲು ದಾರಿ ಉಳಿಯದೆ ಅಳಿವೆ, ಗಿಡ, ದೋಣಿಯವನು, ದಿನಾಂಕ, ಉಬ್ಬರ ಎಲ್ಲ ಹೇಳಿದ. ನೀವು ಹೇಳಿದ್ದೇ ಸರಿ ಇತ್ತು ಎಂದ. ಅವತ್ತು ನಾನೂ ಸಮುದ್ರ ನೋಡಿರಲಿಲ್ಲ ಎಂದ. ಇದನ್ನು ಹೇಳುವಾಗ ಕಿವಿ ಬಿಸಿಯಾಯಿತು. ಮೀನಾಕ್ಷಿ ಕಂಬಕ್ಕೆ ಒರಗಿ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಗೆದ್ದ ಕಳೆ ಏನಾದರೂ ಕಂಡೀತೆಂದು ಅವನು ಹುಡುಕಿದ, ಕಂಡಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. "ನನಗೆ ಆವತ್ತೇ ಗೊತ್ತಿತ್ತು ಅಂತೇನಿಲ್ಲ ಸಾರ್. ಅನುಮಾನ ಇತ್ತು. ನೀವು ಸಮುದ್ರ ನೋಡಿದೀರಾ ಅಂದ್ಮೇಲೆ, ಇರಬೋದೇನೋ, ನಾನೇ ದಡ್ಡಿ ಅಂದ್ಕೊಂಡೆ. ಮನೇಲೂ ಹಂಗೇ ಹೇಳ್ದೆ," ಎಂದಳು. ಆಮೇಲೆ, "ಸರಿ ಮಾಡಿದ್ರಾ?" ಎಂದು ಕೇಳಿದಳು.

"ಇನ್ನೂ ಇಲ್ಲ."

"ಆ ವರದಿ?"

"ಇವತ್ತು ಹೋಗುತ್ತೆ. ಮೂರು ಗಂಟೆಗೆ ನಾನು ಸಹಿ ಹಾಕ್ಬೇಕು."

"ಮತ್ತೆ ನನ್ನತ್ರ ಯಾಕ್ ಬಂದ್ರಿ ಸಾರ್?"

ಇಷ್ಟೇ ಕೇಳಿದಳು. ನಿಮ್ಮನ್ನ ಕೇಳಿಕೊಂಡು ಆಮೇಲೆ ಎಂದು ಅವನು ಶುರುಮಾಡಿದ. ತಾನು ಇಲ್ಲಿಗೆ ಯಾಕೆ ಬಂದೆ ಎನ್ನುವುದು ಈಗ ಬಿಸಿಲಿಗೆ ಇಟ್ಟಂತೆ ಕಂಡಿತು. ಇವಳು ಹೋಗ್ಲಿ ಬಿಡಿ ಸಾರ್ ಎನ್ನುತ್ತಾಳೆ, ಆ ಒಂದು ಮಾತನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಸಹಿ ಹಾಕಿಬಿಡುವುದು. ಬಸ್ಸಿನಲ್ಲಿ ಮನಸ್ಸು ಹಗುರಾಗಿದ್ದು ಧೈರ್ಯದಿಂದಲ್ಲ. ಬಸ್ಸು ಹತ್ತುವಾಗಲೇ ತನಗೆ ಅದು ಗೊತ್ತಿತ್ತೇ? ಗೊತ್ತಿತ್ತು ಎಂದೇ ಅನ್ನಿಸಿ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಫೋನು ತೆಗೆದ. ಮೀನಾಕ್ಷಿ ಒಳಗೆ ಹೋಗಲು ತಿರುಗಿದಳು. "ಇರಿ, ನೀವು ಕೇಳಿಸ್ಕೋಬೇಕು," ಎಂದು ಸ್ಪೀಕರ್ ಹಾಕಿದ.

ಉದಯಕುಮಾರ್ ಎತ್ತಿದ ಕೂಡಲೇ ಸಹಿ ಕಳಿಸಿದ್ರಾ ಎಂದರು. ಸುಪಾರ್ಶ್ವ ಹದಿನೇಳನೆಯ ಚೌಕದ ವಿಚಾರ ಎಲ್ಲ ಹೇಳಿದ. "ಅದೆಲ್ಲ ತಪ್ಪಿನ ಮಿತಿಯೊಳಗೇ ಬರುತ್ತಲ್ರೀ. ಯಾರೂ ಪ್ರಶ್ನೆ ಮಾಡಲ್ಲ. ಸುಮ್ನೆ ಯಾಕೆ ಈಗ?" ಎಂದು ಮೆತ್ತಗೆ ಹೇಳಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ದೊಣ್ಣೆ ತಪ್ಪಿಸುವ ದಾರಿಯನ್ನು ಅವರೇ ತೋರಿಸುತ್ತಿದ್ದರು. "ಮಿತಿಯೊಳಗೆ ಒಂದು ಊರಿದೆ ಸಾರ್," ಎಂದ. ನಾನು ಸಹಿ ಹಾಕಲ್ಲ ಎಂದೂ, ಇದನ್ನು ಜನವರಿಯಲ್ಲೇ ಮೀನಾಕ್ಷಿಯವರು ಹೇಳಿದ್ದರು, ನಾನು ಅಳಿಸಿದೆ ಎಂದೂ ಹೇಳಿದ. ಉದಯಕುಮಾರ್ ಅವರಿಗೆ ಈಗ ಸಿಟ್ಟು ಬಂತು. ಎಂಟು ತಿಂಗಳು ಏನ್ ಮಾಡ್ತಿದ್ರಿ ಎಂದರು, ಮೂರು ವಾರ ಏನ್ ಮಾಡ್ತಿದ್ರಿ ಎಂದರು, ನಿಮ್ಮ ಕಣ್ಣು ನಂಬಿಕೊಂಡು ನಾನು ಎಲ್ಲರ ಎದುರಿಗೆ ಏನೇನೋ ಹೇಳಿಟ್ಟಿದ್ದೀನಿ ಎಂದರು. ಎಲ್ಲದಕ್ಕೂ ಹೌದು ಸಾರ್ ಎಂದ. ಕೊನೆಗೆ ಒಂದು ವಾರ ಕೇಳಿ ತಗೋತೀನಿ, ಆ ಚೌಕ ಪೂರ್ತಿ ಮತ್ತೆ ನೋಡಿ, ಆದರೆ ಇನ್ನುಮುಂದೆ ತೀರ್ಮಾನ ಹೇಳುವ ಕೆಲಸ ನಿಮ್ಮದಲ್ಲ, ಹೊಸ ಕೆಲಸ ಬಂದಾಗ ನಿಮ್ಮ ವಿಚಾರ ನೋಡೋಣ ಎಂದು ಇಟ್ಟುಬಿಟ್ಟರು. ಹೊಗಳಿಕೆಯೆಲ್ಲ ಎರಡು ನಿಮಿಷದಲ್ಲಿ ತೀರಿತ್ತು. ಅಷ್ಟೊಂದು ನೋವಾಗುತ್ತದೆಂದು ಅವನು ಎಣಿಸಿರಲಿಲ್ಲ.

ವೆಂಕಟಲಕ್ಷ್ಮಮ್ಮ ಸಿಪ್ಪೆಯ ಮೊರ ಎತ್ತಿಕೊಂಡು ಎದ್ದರು. "ಊಟ ಮಾಡ್ಕೊಂಡೋಗ್ಲಿ ಕಣವ್ವ, ಮೊಕ ನೋಡು ಎಂಗಾಗೈತೆ," ಎಂದು ಸೊಸೆಗೆ ಹೇಳಿ ಒಳಗೆ ಹೋದರು. ಸುಪಾರ್ಶ್ವ ಫೋನನ್ನು ಮಡಿಲಲ್ಲಿಟ್ಟುಕೊಂಡು ಮೀನಾಕ್ಷಿಯ ಕಡೆ ನೋಡಿದ. ಏನನ್ನೋ ಕಾಯುತ್ತಿದ್ದೇನೆ ಎಂದು ಮುಖ ಹೇಳುತ್ತಿರಬೇಕು.

"ಕ್ಷಮಿಸಿದ್ದೀನಿ ಅಂತ ನಾನು ಹೇಳಲ್ಲ ಸಾರ್," ಎಂದಳು ಅವಳು. "ಹೇಳ್ಬಿಟ್ರೆ ನಿಮ್ಗೆ ಇಲ್ಲಿಗೇ ಮುಗಿದೋಯ್ತದೆ. ನನಗೆ ಆ ನಗು ಇನ್ನೂ ಕೇಳ್ತೈತೆ."

ಅವನು ತಲೆಯಾಡಿಸಿದ. ಕಣ್ಣು ತುಂಬಿ ಬಂದದ್ದನ್ನು ಅವಳು ನೋಡಿದಳು, ನೋಡಿಯೂ ಸಮಾಧಾನ ಹೇಳಲಿಲ್ಲ. ಅದು ಸರಿ ಎಂದೇ ಅವನಿಗೆ ಅನ್ನಿಸಿತು. ಕಣ್ಣೊರೆಸಿಕೊಂಡು, ನಲವತ್ತೊಂದನ್ನೂ ನೀವು ಹೇಳಿದಂತೆ ಕಾಡು ಎಂದು ಇವತ್ತೇ ಬದಲಿಸಿಬಿಡುತ್ತೇನೆ, ಒಂದೇ ಗುಂಡಿ ಒತ್ತಿದರೆ ಆಯಿತು ಎಂದ. ಮೀನಾಕ್ಷಿಗೆ ಆಗ ನಿಜವಾಗಿ ಸಿಟ್ಟು ಬಂತು.

"ಹಂಗೆಂಗಾಗ್ತದೆ? ಆವತ್ತು ನಲವತ್ತೊಂದೂ ತಪ್ಪು ಅಂದ್ರಿ, ಇವತ್ತು ನಲವತ್ತೊಂದೂ ಸರಿ ಅಂತೀರಿ. ನೋಡೋದೇ ಇಲ್ವಾ ನೀವು? ಐದಾರು ಕಡೆ ನನಗೂ ಗುಮಾನಿ ಇತ್ತು. ಕಡಿದಿರೋದೂ ಇರಬೋದಲ್ಲ, ಊರು ಅಂದ್ಮೇಲೆ ಸೌದೆ ಕಡೀದೇ ಇರ್ತಾರಾ? ಒಂದೊಂದೇ ನೋಡ್ಬೇಕು ಸಾರ್."

ಲ್ಯಾಪ್‌ಟಾಪು ಚೀಲದಲ್ಲೇ ಇತ್ತು. ಅವಳು ಒಳಗಿಂದ ಮಣೆ ತಂದು ಜಗಲಿಯ ಮೇಲೆ ಇಟ್ಟಳು, ಅವನು ತೆಗೆದಿಟ್ಟ ಲ್ಯಾಪ್‌ಟಾಪನ್ನು ಬಿಸಿಲು ಬೀಳದ ಕಡೆಗೆ ತಿರುಗಿಸಿದಳು. ಹದಿನೇಳನೆಯ ಚೌಕ ತೆರೆದುಕೊಂಡಿತು, ನದಿಯ ಬಾಯಿ, ಊರಿನ ತಗಡಿನ ಮಾಡುಗಳು, ಅದರ ಮುಂದೆ ಆ ಮಾಸಲು ಪಟ್ಟಿ. ಇಳಿತದ ದಿನದ ಚಿತ್ರಗಳನ್ನು ಹುಡುಕಿ ಪಕ್ಕಕ್ಕೆ ಹಾಕಿದ. ಮೊದಲ ಚುಕ್ಕಿಯನ್ನು ಅವಳು ದೊಡ್ಡದು ಮಾಡಿ, ಏನೂ ಹೇಳದೆ ಅವನ ಕಡೆ ತಿರುಗಿಸಿ, ಮೊದಲು ನೀವು ಹೇಳಿ ಎಂದಳು. ಅವನು ಬಗ್ಗಿ ನೋಡಿದ. ಹಸಿರಿನಂತೆ ಇತ್ತು, ಕೆಸರಿನಂತೆಯೂ ಇತ್ತು, ಒಂದು ಮೂಲೆಯಲ್ಲಿ ಕಡಿದ ಮೋಟಿನ ನೆರಳಿನಂತೆ ಏನೋ. ಕಾಡು ಎಂದು ಹೇಳಿದರೆ ಇವಳಿಗೆ ಹಿತವಾಗುತ್ತದೆ ಎಂಬ ಯೋಚನೆ ಬಂದು, ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ನೋಡಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದ. ಅವಳು ಅವಸರ ಮಾಡಲಿಲ್ಲ.

"ಗೊತ್ತಾಗ್ತಿಲ್ಲ ಮೀನಾಕ್ಷಿಯವರೇ," ಎಂದ.

"ಹಂಗೇ ಬರ್ಕೊಳಿ," ಎಂದು ಅವಳು ಎರಡನೆಯ ಚುಕ್ಕಿ ತೆಗೆದಳು.